ಮುಚ್ಚಳದ ಮೇಲೆ ಬರೆದದ್ದು

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
೯ ಜೂನ್ ೨೦೨೫

ಶ್ರೀ ರಂಗಸ್ವಾಮಿಯವರಿಗೆ,

ನಮಸ್ಕಾರ. ಏಳು ತಿಂಗಳಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಈಗಲೂ ಮಾತು ಬೆಳೆಸಲು ಬರೆಯುತ್ತಿಲ್ಲ, ಒಂದು ಪ್ರಶ್ನೆಗೆ ಉತ್ತರ ಬೇಕಾಗಿದೆ. ಫೋನಿನಲ್ಲಿ ಕೇಳಬಹುದಿತ್ತು ಎನ್ನುತ್ತೀರಿ. ಇಲ್ಲಿ ಮೊಬೈಲಿಗೆ ಬರುವುದು ಕೇರಳಕ್ಕೆ ಸ್ವಾಗತ ಎನ್ನುವ ಸಂದೇಶ ಒಂದೇ. ಅದೂ ಅಲ್ಲದೆ ಫೋನಾದರೆ ಇಬ್ಬರಲ್ಲಿ ಒಬ್ಬರು ಮಧ್ಯದಲ್ಲಿ ಇಟ್ಟುಬಿಡುತ್ತೇವೆ.

ಮೇ ೨೯ರಂದು ಇಲ್ಲಿನ ದೊಡ್ಡಮಲ್ಲಮ್ಮನವರ ಹಸು ಸತ್ತಿತು. ಎಂಟು ತಿಂಗಳ ಗಬ್ಬ. ಉಣ್ಣೆ ಜ್ವರ ಬಂದಿತ್ತು. ನಾನು ಅಂದು ಔಷಧಿ ತರಲು ಗುಂಡ್ಲುಪೇಟೆಗೆ ಹೋಗಿದ್ದೆ. ನಾನು ಕೆಲಸ ಮಾಡುವ ಪಶು ಆರೈಕೆ ಕೇಂದ್ರದಲ್ಲಿ ಸಹಾಯಕ ಪುಟ್ಟಮಾದಣ್ಣ ಒಬ್ಬರೇ ಇದ್ದರು. ಅವರು ಟ್ಯಾಬಿನಲ್ಲಿ ನಿಮ್ಮ ‘ಹಟ್ಟಿ ಮದ್ದು’ ತಂತ್ರಾಂಶ ತೆರೆದು, ಹಸುವಿನ ಎದೆ ಸುತ್ತಳತೆ ಹಾಕಿ, ಅದು ಹೇಳಿದಷ್ಟು ಇಂಜೆಕ್ಷನ್ ಕೊಟ್ಟರು. ಒಂದು ಗಂಟೆಯೊಳಗೆ ಹಸು ಬಿತ್ತು. ಹೊಟ್ಟೆಯಲ್ಲಿದ್ದ ಕರುವೂ ಉಳಿಯಲಿಲ್ಲ.

ನಮ್ಮ ಕಾಡಂಚಿನ ಗೋಪಾಲಕರ ಸಂಘದ ಸಮಿತಿ ವಿಚಾರಣೆಗೆ ಕೂತಿದೆ. ಅವರು ಆ ಪ್ಯಾಕೇಜಿನ ಒಳಗಿರುವ ವಿವರದ ಫೈಲನ್ನು ತೆಗೆಸಿ ನೋಡಿದ್ದಾರೆ. ಅದರಲ್ಲಿ ‘ನೋಡಿಕೊಳ್ಳುವವರು: ಶಿವರಂಜಿನಿ’ ಎಂದು ಇದೆಯಂತೆ. ನನಗೆ ನೋಟಿಸು ಬಂದಿದೆ. ಆಗಸ್ಟ್ ೧೮ಕ್ಕೆ ಸಭೆ. ತಪ್ಪು ನನ್ನದೆಂದು ತೀರ್ಮಾನವಾದರೆ ಕೆಲಸದಿಂದ ತೆಗೆಯುತ್ತಾರೆ.

ಕಳೆದ ನವೆಂಬರಿನಲ್ಲೇ ನಾನು ಆ ಕೆಲಸದಿಂದ ಕೈ ತೊಳೆದುಕೊಂಡು ಬಂದೆ. ಜನವರಿಯಲ್ಲಿ ಹೊಸ ಆವೃತ್ತಿ ಮಾಡಿದವರು ನೀವು. ಅದರಲ್ಲಿ ನನ್ನ ಹೆಸರು ಏಕಿದೆ?

ಇಂತಿ,
ಶಿವರಂಜಿನಿ

*

ಚಾಮರಾಜನಗರ
೧೭ ಜೂನ್ ೨೦೨೫

ತಂಗಿ ಶಿವರಂಜಿನಿಗೆ,

ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು ಈಗ ‘ನೀವು’ ಎಂದು ಬರೆದಿದ್ದೀಯ. ಅದನ್ನು ಓದಿ ಸ್ವಲ್ಪ ಹೊತ್ತು ಕಾಗದ ಮಡಚಿಟ್ಟೆ. ಇರಲಿ. ಹಸುವಿನ ವಿಷಯ ತಿಳಿದು ಬಹಳ ಬೇಜಾರಾಯಿತು.

ನೀನು ಕೇಳಿದ್ದಕ್ಕೆ ಉತ್ತರ. ತಂತ್ರಾಂಶವನ್ನು ಒಂದು ಪ್ಯಾಕೇಜು ಮಾಡಿ ಕಟ್ಟುವಾಗ ಅದರೊಳಗೆ ಮೂರು ಬಗೆಯ ಸಾಮಾನು ಇರುತ್ತದೆ. ಒಂದು, ಕೆಲಸ ಮಾಡುವ ಪ್ರೋಗ್ರಾಮು. ಎರಡು, ಅದನ್ನು ಬಳಸುವುದು ಹೇಗೆ, ಎಲ್ಲಿ ಬಳಸಬಾರದು ಎಂದು ಹೇಳುವ ಸಹಾಯದ ಪುಟಗಳು. ಮೂರು, ಹೆಸರು, ಆವೃತ್ತಿ, ಬರೆದವರು, ನೋಡಿಕೊಳ್ಳುವವರು ಎಂದು ಬರೆದಿಡುವ ವಿವರದ ಫೈಲು. ಹೊಸ ಆವೃತ್ತಿ ಕಟ್ಟುವಾಗ ಹಳೆಯ ವಿವರದ ಫೈಲನ್ನೇ ತೆಗೆದುಕೊಂಡು ಆವೃತ್ತಿಯ ಸಂಖ್ಯೆ ಬದಲಿಸುತ್ತೇವೆ. ಎಲ್ಲರೂ ಹಾಗೇ ಮಾಡುವುದು. ನಿನ್ನ ಹೆಸರು ಹಾಗೆ ಉಳಿದುಕೊಂಡಿದೆ, ಅಷ್ಟೆ.

ಇನ್ನು ಸಹಾಯದ ಪುಟಗಳಲ್ಲಿ ಎಚ್ಚರಿಕೆ ಹೇಳುತ್ತಿದ್ದ ಅಪ್ಪನ ಧ್ವನಿ. ನವೆಂಬರಿನಲ್ಲಿ ಆಡಿದ ಜಗಳವನ್ನೇ ಮತ್ತೆ ಆಡುವುದು ಬೇಡ. ಆದರೆ ನೀನೇ ಯೋಚಿಸು. ನಲವತ್ತೊಂದು ರೆಕಾರ್ಡಿಂಗ್ ಸೇರಿ ಪ್ಯಾಕೇಜು ಮುನ್ನೂರ ನಲವತ್ತು ಎಂಬಿ ಆಗಿತ್ತು. ಸಂಘದ ಹಳೆಯ ಟ್ಯಾಬುಗಳಲ್ಲಿ ಅರ್ಧಕ್ಕರ್ಧ ಅದನ್ನು ಹಾಕಿಕೊಳ್ಳಲಾರದೆ ನಿಂತುಬಿಡುತ್ತಿದ್ದವು. ಸಹಾಯದ ಸಾಮಾನನ್ನೆಲ್ಲ ವೆಬ್‌ಸೈಟಿಗೆ ಹಾಕಿ, ಪ್ಯಾಕೇಜಿನಲ್ಲಿ ಅದರ ವಿಳಾಸ ಮಾತ್ರ ಇಟ್ಟೆ. ಒಂಬತ್ತು ಎಂಬಿಗೆ ಇಳಿಯಿತು. ದೊಡ್ಡ ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ. ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಫೆಬ್ರವರಿಯಲ್ಲಿ ಕಾಲೇಜಿನವರು ಸರ್ವರ್ ಬದಲಾಯಿಸಿದರು, ಹಳೆಯ ವಿಳಾಸ ಕೆಲಸ ಮಾಡುವುದು ನಿಂತಿತು. ಅದು ನನಗೆ ತಿಳಿದದ್ದು ನಿನ್ನ ಕಾಗದ ಬಂದ ಮೇಲೆ.

ಸಮಿತಿಗೆ ಬರೆಯುವುದಾದರೆ ಸರ್ವರ್ ತೊಂದರೆ ಎಂದು ಬರೆದುಕೊಡುತ್ತೇನೆ. ಅದರಲ್ಲಿ ಯಾರ ತಪ್ಪೂ ಬರುವುದಿಲ್ಲ.

ಅವ್ವ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ.

ನಿನ್ನ ಅಣ್ಣ,
ರಂಗಸ್ವಾಮಿ

*

ಮದ್ದೂರು
೨೬ ಜೂನ್ ೨೦೨೫

ಅಣ್ಣ,

‘ಯಾರ ತಪ್ಪೂ ಬರುವುದಿಲ್ಲ’ ಎಂಬುದನ್ನು ಓದಿ ಮೈ ಉರಿಯಿತು. ಹಸು ತಾನಾಗಿ ಮೇವು ತಿಂದು ಮಲಗಿ ಸತ್ತಿತೇ? ಏನಾಯಿತು ಎಂದು ನಿನಗೆ ಪೂರ್ತಿ ಹೇಳುತ್ತೇನೆ, ಓದು. ಕಾಗದ ಮಡಚಿಡಬೇಡ.

ನಾನು ಬಸ್ಸಿಳಿದು ಬರುವಷ್ಟರಲ್ಲಿ ಜನ ಸೇರಿದ್ದರು. ದೊಡ್ಡಮಲ್ಲಮ್ಮ ಹಸುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅದರ ಹೆಸರು ಕೆಂಪಿ. ಅವರೇನೂ ನನ್ನನ್ನು ಬೈಯಲಿಲ್ಲ. ‘ಕರ ಒಳಗೆ ಇನ್ನೂ ಆಡ್ತಾ ಅದೆ, ಕೈ ಇಟ್ ನೋಡವ್ವ’ ಎಂದರು. ನಾನು ಕೈ ಇಟ್ಟೆ. ಆಡುತ್ತಿತ್ತು. ಡಾಕ್ಟರು ಬರುವ ಹೊತ್ತಿಗೆ ನಿಂತಿತ್ತು.

ಪುಟ್ಟಮಾದಣ್ಣ ಗೋಡೆಗೆ ಒರಗಿ ನಿಂತಿದ್ದರು. ಐವತ್ತೆಂಟು ವರ್ಷದ ಮನುಷ್ಯ, ಅಕ್ಷರ ಬರುವುದಿಲ್ಲ. ನಿನಗೆ ಗೊತ್ತಿದೆ, ಅವರಂಥವರಿಗಾಗಿಯೇ ನಾವು ಚಿತ್ರ ಒತ್ತಿದರೆ ಅಪ್ಪ ಮಾತಾಡುವ ಹಾಗೆ ಮಾಡಿದ್ದು. ಗಬ್ಬದ ಹಸುವಿನ ಚಿತ್ರ ಒತ್ತಿದರೆ ‘ನಿಲ್ಲು ಕಣ್ಲಾ’ ಎಂದು ಅಪ್ಪ ಶುರು ಮಾಡುತ್ತಿದ್ದ. ಪುಟ್ಟಮಾದಣ್ಣ ಅಪ್ಪನನ್ನು ಕಂಡವರಲ್ಲ, ಆದರೂ ಅಯ್ಯ ಎನ್ನುತ್ತಿದ್ದರು. ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು:

‘ನಾನೇನ್ ಮಾಡನಕ್ಕ. ಟೇಪ್ ಇಡ್ದು ಅಳ್ದೆ. ಗಬ್ಬದ್ ಚಿತ್ರನೂ ಒತ್ದೆ. ಅಯ್ಯ ಏನಾರ ಅಂದಾರು ಅಂತ ಕಾದೆ. ಅಯ್ಯ ಏನೂ ಅನ್ನಿಲ್ಲ. ಬ್ಯಾಡ ಅನ್ನಂಗಿದ್ರೆ ಅಯ್ಯ ಅಂದೇ ಅಂತಿದ್ರು, ಸುಮ್ಗವ್ರೆ ಅಂದ್ಮೇಲೆ ಎಲ್ಲ ಸರಿಯಾಗದೆ ಅನ್ಕಂಡೆ. ಸೂಜಿ ಆಕ್ಬುಟ್ಟೆ.’

ಓದಿದೆಯಾ ಅಣ್ಣ? ಅಪ್ಪ ಸುಮ್ಮನಿದ್ದದ್ದನ್ನು ಅವರು ಅಪ್ಪನ ಒಪ್ಪಿಗೆ ಎಂದುಕೊಂಡರು. ಏಳು ತಿಂಗಳು ದಾಟಿದ ಗಬ್ಬವಾದರೆ ಸುತ್ತಳತೆ ಹೆಚ್ಚು ತೋರಿಸುತ್ತದೆ, ಟೇಪಿನ ತೂಕ ನಂಬಿದರೆ ಮದ್ದು ಮಿತಿ ಮೀರುತ್ತದೆ, ನಂಬಬೇಡ, ಡಾಕ್ಟರನ್ನು ಕರೆ. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷ ನಿನ್ನ ಲೆಕ್ಕದಲ್ಲಿ ಎಷ್ಟು ಎಂಬಿ?

ದನದ ಆಸ್ಪತ್ರೆಯಲ್ಲಿ ಅಪ್ಪ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದ. ಔಷಧಿಯ ಸೀಸೆಗೆ ಚೀಟಿ ಅಂಟಿಸಲು ನಮ್ಮಿಬ್ಬರನ್ನೂ ಕೂರಿಸುತ್ತಿದ್ದದ್ದು ಮರೆತೆಯಾ? ನೀನು ಒಂದು ದಿನ ಸೋಂಬೇರಿತನಕ್ಕೆ ಮುಚ್ಚಳದ ಮೇಲೆ ಬರೆದೆ. ಅಪ್ಪ ಹೊಡೆಯುವವನಲ್ಲ, ಆವತ್ತು ತಲೆಗೆ ಒಂದು ಮೊಟಕಿದ. ‘ಮುಚ್ಚಳ ಅದ್ಲುಬದ್ಲು ಆಯ್ತದೆ ಕಣ್ಲಾ, ಸೀಸೆ ಮ್ಯಾಲೆ ಬರಿ’ ಎಂದ. ನೀನು ಈಗ ಮಾಡಿರುವುದೂ ಅದೇ. ಮದ್ದು ಇಲ್ಲಿದೆ, ಚೀಟಿ ಚಾಮರಾಜನಗರದ ಯಾವುದೋ ಸರ್ವರಿನಲ್ಲಿದೆ. ನೆಟ್ಟೇ ಇಲ್ಲದ ಕಾಡಂಚಿನಲ್ಲಿ ಅದನ್ನು ಓದುವವರು ಯಾರು?

ಅಪ್ಪ ತೀರಿಹೋಗಿ ವರ್ಷವಾಗುವುದರೊಳಗೆ ಅಪ್ಪನ ಮಾತು ನಿನಗೆ ಭಾರವಾಯಿತು ಎಂದು ನವೆಂಬರಿನಲ್ಲಿ ಅಂದಿದ್ದೆ. ಅದಕ್ಕೆ ನೀನು ಎದ್ದು ಹೊರಗೆ ಹೋದೆ. ಇವತ್ತೂ ಅದನ್ನೇ ಅನ್ನುತ್ತೇನೆ.

ಶಿವರಂಜಿನಿ

*

ಚಾಮರಾಜನಗರ
೨೦ ಜುಲೈ ೨೦೨೫

ಅಮ್ಮಿ,

ಮೂರು ವಾರ ತಡವಾಯಿತು. ನಾಲ್ಕು ಕಾಗದ ಬರೆದು ಹರಿದೆ. ಅವುಗಳಲ್ಲೆಲ್ಲ ಸರ್ವರ್ ವಿಷಯವೇ ಇತ್ತು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಮೊದಲು ಕೆಲವು ಸಾಲು ಬಿಟ್ಟು ಓದಿದೆ. ಅವ್ವನಿಗೆ ಅದು ಹೇಗೆ ಗೊತ್ತಾಗುತ್ತದೋ ಏನೋ, ‘ನುಂಗ್ಬ್ಯಾಡ ಕಣ್ಲಾ, ಅವ್ಳು ಬರ್ದಿರದ ಬರ್ದಂಗೇ ಓದು’ ಎಂದಳು. ಪೂರ್ತಿ ಓದಿದೆ. ಓದಿ ಮುಗಿಸಿದ ಮೇಲೆ ಅವ್ವ ಕೇಳಿದ್ದು ಹಸುವಿನ ವಿಷಯ. ‘ಆಯಮ್ಮುಂಗೆ ಬ್ಯಾರೆ ದನ ಅವ್ಯಾ?’ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವ್ವ ಅವತ್ತು ರಾಗಿ ಮುದ್ದೆ ಮುಟ್ಟದೆ ಎದ್ದಳು.

ಈಗ ನಿಜ ಬರೆಯುತ್ತೇನೆ. ನಿನ್ನ ಹೆಸರು ಮರೆವಿನಿಂದ ಉಳಿಯಲಿಲ್ಲ. ಜನವರಿಯಲ್ಲಿ ಆ ಫೈಲು ತೆರೆದೆ. ಬರೆದವರು ರಂಗಸ್ವಾಮಿ, ನೋಡಿಕೊಳ್ಳುವವರು ಶಿವರಂಜಿನಿ, ತಿಳಿವು ಕೊಟ್ಟವರು ಚಿಕ್ಕಬೀರಯ್ಯ, ಉಮ್ಮತ್ತೂರು. ಮೂರು ಸಾಲು ಒಂದರ ಕೆಳಗೆ ಒಂದು. ನಿನ್ನ ಸಾಲನ್ನು ಅಳಿಸಲು ಕರ್ಸರ್ ಇಟ್ಟೆ. ನೀನು ನನ್ನ ಫೋನು ಎತ್ತುತ್ತಿರಲಿಲ್ಲ, ಹಬ್ಬಕ್ಕೆ ಬರಲಿಲ್ಲ. ಅಪ್ಪನೂ ಸೇರಿ ನಾವು ಮೂವರೂ ಒಟ್ಟಿಗಿದ್ದದ್ದು ಅಲ್ಲೊಂದೇ ಕಡೆ ಎನ್ನಿಸಿತು. ಅಳಿಸದೆ ಮುಚ್ಚಿದೆ. ಅದರಿಂದ ನಿನ್ನ ಕೆಲಸಕ್ಕೇ ಕುತ್ತು ಬರುತ್ತದೆ ಎಂದು ಹೊಳೆಯಲಿಲ್ಲ. ವಿವರದ ಫೈಲನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಹೊಣೆ ಯಾರದು ಎಂದು ಹುಡುಕುವ ದಿನ ಎಲ್ಲರೂ ಮೊದಲು ತೆರೆಯುವುದು ಅದನ್ನೇ.

ಇನ್ನೊಂದು. ಪುಟ್ಟಮಾದಣ್ಣ ಹೇಳಿದ್ದನ್ನು ಓದಿದ ಮೇಲೆ ಪ್ರೋಗ್ರಾಮು ತೆರೆದು ನೋಡಿದೆ. ಧ್ವನಿಯ ಫೈಲು ಸಿಗದಿದ್ದರೆ ಏನು ಮಾಡಬೇಕು ಎಂದು ಒಂದು ಕಡೆ ಬರೆಯಬೇಕಾಗುತ್ತದೆ. ನಿಂತುಬಿಡು ಎಂದು ಬರೆಯಬಹುದು, ಎಚ್ಚರಿಸು ಎಂದು ಬರೆಯಬಹುದು. ನಾನು ಬರೆದಿರುವುದು, ಏನೂ ಹೇಳದೆ ಮುಂದಕ್ಕೆ ಹೋಗು. ಒಂದೇ ಸಾಲು. ಪದೇ ಪದೇ ದೋಷ ತೋರಿಸಿದರೆ ಬಳಸುವವರಿಗೆ ಕಿರಿಕಿರಿಯಾಗುತ್ತದೆ ಎಂದು ಹಾಗೆ ಮಾಡಿದ್ದೆ. ಅದನ್ನು ಸರ್ವರಿನವರು ಬರೆಯಲಿಲ್ಲ.

ರೆಕಾರ್ಡಿಂಗುಗಳು ಹಾಳಾಗಿಲ್ಲ. ಮೂಲ ಫೈಲುಗಳು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇವೆ. ಹೊಸದಾಗಿ ಕಟ್ಟಲು ಕೂತಿದ್ದೇನೆ.

ಕೊನೆಗೆ ಅವ್ವ ಹೇಳಿ ಬರೆಸಿದ್ದು: ‘ಅಮ್ಮಿ, ನಿಂಗ್ ನಿಮ್ಮಪ್ಪನ್ ಕ್ವಾಪ, ಇವ್ನಿಗೆ ನಿಮ್ಮಪ್ಪನ್ ಮೊಂಡು. ಇಬ್ರೂ ಬಂದು ಒಂದ್ ದಿನ ನನ್ ಮುಂದೆ ಕೂತ್ಗಳಿ. ಕಾಗ್ದ ಆಮ್ಯಾಕೆ ಬರ್ಕಳೀರಂತೆ.’

ನಿನ್ನ ಅಣ್ಣ

*

ಮದ್ದೂರು
೩ ಆಗಸ್ಟ್ ೨೦೨೫

ಅಣ್ಣ,

ದೊಡ್ಡಮಲ್ಲಮ್ಮನಿಗೆ ಇನ್ನೊಂದು ಹಸು ಇದೆ ಎಂದು ಅವ್ವನಿಗೆ ಹೇಳು. ಬರಡು. ಹಾಲಿಲ್ಲ, ಸಗಣಿಗೆ ಇಟ್ಟುಕೊಂಡಿದ್ದಾರೆ. ನಾನು ಆ ಮನೆಯ ಮುಂದೆ ಹೋದರೆ ಆಕೆ ಎದ್ದು ಒಳಗೆ ಹೋಗುತ್ತಾರೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನನಗೂ ಹರಿದು ಹಾಕುವಂಥ ಕಾಗದಗಳಿದ್ದವು. ನೀನು ನಿಜ ಬರೆದ ಮೇಲೆ ನಾನು ಸುಳ್ಳಿ ಆಗಿ ಉಳಿಯಲಾರೆ.

ಮಾರ್ಚ್ ಎರಡನೆಯ ವಾರ ಗುಂಡ್ಲುಪೇಟೆಯಲ್ಲಿ ಸಂಘದ ದಾಸ್ತಾನಿನ ಕೋಣೆಗೆ ಹೋಗಿದ್ದೆ. ಅಲ್ಲೊಂದು ಟ್ಯಾಬು ಇತ್ತು. ನಿನ್ನ ಹೊಸ ಆವೃತ್ತಿ ಹೇಗಿದೆ ನೋಡೋಣ ಎಂದು ತೆರೆದೆ. ಔಷಧಿಯ ಪ್ರಮಾಣ ನನಗೆ ಬಾಯಿಪಾಠ, ಕೆಲಸಕ್ಕಾಗಿ ನಾನು ಅದನ್ನು ತೆರೆಯುವುದೇ ಇಲ್ಲ, ನಾನಿದ್ದಾಗ ಪುಟ್ಟಮಾದಣ್ಣನೂ ತೆರೆಯುವುದಿಲ್ಲ. ಗಬ್ಬದ ಚಿತ್ರ ಒತ್ತಿದೆ. ಧ್ವನಿ ಬರಲಿಲ್ಲ. ಸಹಾಯ ಎಂಬುದನ್ನು ಒತ್ತಿದೆ. ಬಿಳಿ ಪುಟ ಬಂತು. ಮತ್ತೆ ಒತ್ತಿದೆ, ಮತ್ತೆ ಬಿಳಿ ಪುಟ. ಅಣ್ಣ, ಆಗ ನನಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು. ನೋಡು, ನಾನು ಹೇಳಿದ ಹಾಗೇ ಆಯಿತು, ಯಾರಾದರೂ ಇವನ ಮುಖಕ್ಕೆ ಹಿಡಿದು ಉಗಿಯಲಿ ಎಂದುಕೊಂಡೆ. ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ಮೊಬೈಲು ಕೈಯಲ್ಲೇ ಇತ್ತು. ನಿನಗೆ ಫೋನು ಮಾಡಲಿಲ್ಲ. ಸಂಘದವರಿಗೂ ಹೇಳಲಿಲ್ಲ, ಹೇಳಿದರೆ ನಿನಗೆ ಮಾಹಿತಿ ಹೋಗಿ ನೀನು ಸರಿಮಾಡಿಬಿಡುತ್ತೀಯ ಎಂದು. ಊರಿಗೆ ಬಂದು ಪುಟ್ಟಮಾದಣ್ಣನಿಗೂ ಒಂದು ಮಾತು ಹೇಳಲಿಲ್ಲ. ಅಯ್ಯ ಈಗ ಮಾತಾಡುವುದಿಲ್ಲ, ಜೋಪಾನ ಎಂದಿದ್ದರೆ ಅವರು ನಾನು ಬರುವವರೆಗೆ ಕಾಯುತ್ತಿದ್ದರು.

ಎರಡೂವರೆ ತಿಂಗಳು. ಕೆಂಪಿಗೆ ಆಗ ಐದು ತಿಂಗಳ ಗಬ್ಬ.

ಮೊದಲ ಕಾಗದದಲ್ಲಿ ನಿನಗೆ ಅಷ್ಟು ಜೋರಾಗಿ ಬರೆದವಳು ನಾನೇ. ನನ್ನ ಹೆಸರು ಏಕಿದೆ ಎಂದು ಕೇಳಿದೆ. ಇರಬೇಕಾದ ಜಾಗದಲ್ಲೇ ಇತ್ತು.

ಸಭೆಗೆ ಹದಿನೈದು ದಿನ ಉಳಿದಿದೆ. ಎಲ್ಲವನ್ನೂ ನಿನ್ನ ತಲೆಯ ಮೇಲೆ ಹಾಕಿಕೊಂಡು ಬರೆಯಬೇಡ. ಇದನ್ನು ನಾನೇ ಅಲ್ಲಿ ಹೇಳುತ್ತೇನೆ. ಹೇಳಿದ ಮೇಲೆ ಕೆಲಸ ಹೋಗಬಹುದು. ಹೆದರಿಕೆ ಆಗುತ್ತಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಶಿವರಂಜಿನಿ

*

ಚಾಮರಾಜನಗರ
೧೧ ಆಗಸ್ಟ್ ೨೦೨೫

ಅಮ್ಮಿ,

ಈ ಲಕೋಟೆಯಲ್ಲಿ ಎರಡು ಸಾಮಾನು ಇವೆ. ಒಂದು, ಸಮಿತಿಗೆ ನನ್ನ ಹೇಳಿಕೆ. ಧ್ವನಿ ತೆಗೆದದ್ದು ನಾನು, ಸಿಗದಿದ್ದರೆ ಮುಂದಕ್ಕೆ ಹೋಗು ಎಂದು ಬರೆದದ್ದು ನಾನು, ನಿನ್ನನ್ನು ಕೇಳದೆ ನಿನ್ನ ಹೆಸರು ಉಳಿಸಿದ್ದು ನಾನು. ಮಾರ್ಚಿನ ವಿಷಯ ಅದರಲ್ಲಿ ಇಲ್ಲ. ಅದು ನಿನ್ನದು, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಎರಡು, ಪೆನ್‌ಡ್ರೈವ್. ಹೊಸ ಆವೃತ್ತಿ. ಈ ಸಲ ಹೇಗೆ ಕಟ್ಟಿದ್ದೇನೆ ಎಂದು ಹೇಳುತ್ತೇನೆ, ಸಭೆಯಲ್ಲಿ ಕೇಳಿದರೆ ಹೇಳಬೇಕಲ್ಲ. ಸಹಾಯದ ಪುಟಗಳಿಗೆ ಪ್ಯಾಕೇಜಿನಲ್ಲಿ ಒಂದು ಬೇರೆ ಜಾಗ ಇರುತ್ತದೆ. ಜಾಗ ಉಳಿಸಲು ಕೆಲವರು ಅದನ್ನು ಹಾಕಿಕೊಳ್ಳುವಾಗಲೇ ಕಿತ್ತು ಬಿಸಾಡುವ ಏರ್ಪಾಟು ಮಾಡಿರುತ್ತಾರೆ. ಅಪ್ಪನ ಎಚ್ಚರಿಕೆಗಳನ್ನು ಆ ಜಾಗದಲ್ಲಿ ಇಟ್ಟಿಲ್ಲ. ಪ್ರಮಾಣ ಲೆಕ್ಕ ಹಾಕುವ ಭಾಗದ ಒಳಗೇ ಇಟ್ಟಿದ್ದೇನೆ. ಕಿತ್ತರೆ ಲೆಕ್ಕವೂ ಕಿತ್ತು ಬರುತ್ತದೆ. ಗಬ್ಬದ ಚಿತ್ರ ಒತ್ತಿದರೆ ಧ್ವನಿ ಮುಗಿಯುವ ತನಕ ಪ್ರಮಾಣ ಕಾಣಿಸುವುದಿಲ್ಲ. ಧ್ವನಿ ಸಿಗದಿದ್ದರೆ ಕೆಂಪು ಪರದೆ ಬಂದು ನಿಲ್ಲುತ್ತದೆ. ಧ್ವನಿಗಳ ಗಾತ್ರವನ್ನು ಕುಗ್ಗಿಸಿದ್ದೇನೆ, ಮಾತನ್ನು ಕತ್ತರಿಸಿಲ್ಲ. ಎಲ್ಲ ಸೇರಿ ನಲವತ್ತು ಎಂಬಿ ಆಯಿತು. ನವೆಂಬರಿನಲ್ಲಿ ಒಂದು ವಾರ ಕೂತಿದ್ದರೆ ಆಗಲೇ ಆಗುತ್ತಿದ್ದ ಕೆಲಸ ಇದು.

ವಿವರದ ಫೈಲಿನಲ್ಲಿ ಹೆಸರು, ಆವೃತ್ತಿ, ಯಾವ ಯಾವ ತಂತ್ರಾಂಶ ಜೊತೆಗಿರಬೇಕು ಎನ್ನುವುದಕ್ಕೆಲ್ಲ ಸಾಲುಗಳಿವೆ. ಇದರಿಂದ ಏನು ಕೆಡುಕಾಗಿದೆ ಎಂದು ಬರೆಯಲು ಯಾರೂ ಸಾಲು ಇಟ್ಟಿಲ್ಲ. ನಾನೇ ಒಂದು ಸೇರಿಸಿದೆ: ‘ಆದ ಹಾನಿ: ಹಿಂದಿನ ಆವೃತ್ತಿಯಲ್ಲಿ ಎಚ್ಚರಿಕೆ ಇಲ್ಲದ ಕಾರಣ, ೨೯ ಮೇ ೨೦೨೫ರಂದು, ಮದ್ದೂರಿನ ದೊಡ್ಡಮಲ್ಲಮ್ಮನವರ ಗಬ್ಬದ ಹಸು ಕೆಂಪಿ ಮತ್ತು ಅದರ ಕರು.’ ನೋಡಿಕೊಳ್ಳುವವರು ಎಂಬಲ್ಲಿ ನನ್ನ ಹೆಸರಿದೆ. ನಿನ್ನದನ್ನು ತೆಗೆದಿದ್ದೇನೆ. ಈ ಸಲ ಅಳಿಸಲು ಕಷ್ಟವಾಗಲಿಲ್ಲ, ನೀನು ಕಾಗದ ಬರೆಯುತ್ತಿದ್ದೀಯಲ್ಲ.

ಇನ್ನು ಒಂದು ಉಳಿದಿದೆ. ಎಂಬಿ ಹೆಚ್ಚಾಯಿತು ಎಂದು ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅದೇ ಕಾರಣವೂ ಅಲ್ಲ. ಪ್ರತಿ ಸಲ ಪ್ಯಾಕೇಜು ಕಟ್ಟಿದಾಗಲೂ ನಲವತ್ತೊಂದು ಧ್ವನಿಯನ್ನೂ ಪರೀಕ್ಷೆ ಮಾಡಬೇಕಾಗಿತ್ತು. ಇಪ್ಪತ್ತಮೂರನೆಯದು ಗಬ್ಬದ ಹಸುವಿನದು. ಅದನ್ನು ರೆಕಾರ್ಡ್ ಮಾಡಿದ ದಿನ ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿತ್ತು. ಮಾತಿನ ಮಧ್ಯೆ ಕೆಮ್ಮು ಬಂತು. ‘ಒಸಿ ನೀರ್ ಕೊಡ್ಲಾ’ ಎಂದ. ನಾನು ಏನೆಂದೆ ಗೊತ್ತಾ? ‘ತಡಿ ಅಪ್ಪ, ರೆಕಾರ್ಡ್ ಆಯ್ತಾ ಅದೆ’ ಎಂದೆ. ಅದು ಅದರಲ್ಲಿ ಇದೆ. ಜನರಿಗೆ ಕೊಟ್ಟ ಮೊದಲ ಆವೃತ್ತಿಯಲ್ಲಿ ಕೆಮ್ಮಿನ ಮುಂಚೆಗೇ ಕತ್ತರಿಸಿದ್ದೆ, ನಿನಗೆ ಗೊತ್ತಾಗಲಿಲ್ಲ. ಕತ್ತರಿಸಿದ್ದನ್ನು ಕೇಳುವಾಗಲೂ ಮುಂದಿನದು ನನ್ನ ಕಿವಿಗೆ ಬರುತ್ತಿತ್ತು. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಬೇಕಾದ ಮಗ ಸಾಯುವ ಅಪ್ಪನಿಗೆ ತಡಿ ಎಂದ. ಅದಕ್ಕೇ ಎಲ್ಲ ಧ್ವನಿಯನ್ನೂ ಹೊರಗೆ ಸಾಗಿಸಿದೆ. ಜನವರಿಯಲ್ಲಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಸ್ಪೀಕರ್ ಆರಿಸಿಕೊಂಡು ಕೂತಿದ್ದೆ.

ಈ ಸಲ ಮೂಲ ಫೈಲನ್ನೇ ಹಾಗೇ ಹಾಕಿದ್ದೇನೆ, ಕತ್ತರಿಸದೆ. ಎಷ್ಟೋ ಸಲ ಕತ್ತರಿ ಹಿಡಿದವನು ನಾನು, ಇನ್ನು ಸಾಕು. ಆದರೆ ಆ ಕೆಮ್ಮಿನವರೆಗೆ ಬಂದು ನಿಲ್ಲಿಸಿದೆ. ಅಲ್ಲಿಂದಾಚೆ ನಾನು ಇವತ್ತಿನ ತನಕ ಕೇಳಿಲ್ಲ, ತಡಿ ಎಂದದ್ದು ಬಿಟ್ಟರೆ ಆಮೇಲಿನದು ನೆನಪೂ ಇಲ್ಲ. ಸಭೆಗೆ ಬರಲು ಧೈರ್ಯವಿಲ್ಲ ಕಣಮ್ಮಿ. ಅಲ್ಲಿ ಅವರು ಅದನ್ನು ಹಾಕಿ ಕೇಳಿಸುತ್ತಾರೆ.

ರಂಗಸ್ವಾಮಿ

*

ಗುಂಡ್ಲುಪೇಟೆ
೨೪ ಆಗಸ್ಟ್ ೨೦೨೫

ಅಣ್ಣ,

ಮೇಲೆ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಕೆಲಸ ಹೋಗಿಲ್ಲ. ಒಂದು ವರ್ಷ ಕೇಂದ್ರದ ಹೊಣೆಯಿಂದ ತೆಗೆದು ಇಲ್ಲಿನ ದಾಸ್ತಾನಿನ ಕೋಣೆಗೆ ಹಾಕಿದ್ದಾರೆ. ಮಾರ್ಚಿನಲ್ಲಿ ನಾನು ಬಿಳಿ ಪುಟ ನೋಡಿ ನಕ್ಕ ಕೋಣೆಯೇ ಇದು. ದಿನವೂ ಸೀಸೆ ಎಣಿಸುತ್ತೇನೆ, ಚೀಟಿ ನೋಡುತ್ತೇನೆ. ಪುಟ್ಟಮಾದಣ್ಣನ ಮೇಲೆ ತಪ್ಪು ಹೊರಿಸಲಿಲ್ಲ. ದೊಡ್ಡಮಲ್ಲಮ್ಮನಿಗೆ ಸಂಘದಿಂದ ಒಂದು ಎಳೆಯ ಕಡಸು ಕೊಡುತ್ತಾರಂತೆ.

ಮಾರ್ಚಿನ ವಿಷಯ ಹೇಳಿದೆ. ಹೇಳುವಾಗ ದೊಡ್ಡಮಲ್ಲಮ್ಮ ನನ್ನ ಎದುರಿಗೇ ಕೂತಿದ್ದರು. ಹೇಳಿ ಮುಗಿಸಿದ ಮೇಲೆ ಅಧ್ಯಕ್ಷೆ ಯಶೋದಮ್ಮನವರು ‘ಹೊಸದನ್ನು ಒಮ್ಮೆ ಹಾಕಿ ತೋರಿಸಿ’ ಎಂದರು. ಪುಟ್ಟಮಾದಣ್ಣನೇ ಟ್ಯಾಬು ಹಿಡಿದು ಗಬ್ಬದ ಚಿತ್ರ ಒತ್ತಿದರು. ‘ನಿಲ್ಲು ಕಣ್ಲಾ’ ಎಂದ ಅಪ್ಪ. ಏಳು ತಿಂಗಳು, ಟೇಪು, ತೂಕ, ಎಲ್ಲ ಹೇಳಿದ. ದೊಡ್ಡಮಲ್ಲಮ್ಮ ಆಗ ಮೊದಲ ಸಲ ಬಾಯಿ ಬಿಟ್ಟರು: ‘ಈ ಮಾತ ಅವತ್ತು ಅಂದಿದ್ರೆ ನನ್ ಕೆಂಪಿ ಇರದಲ್ಲವ್ವಾ.’ ಆ ಮಾತನ್ನು ಹೊತ್ತುಕೊಂಡೇ ಇರಬೇಕು ನಾವಿಬ್ಬರೂ.

ಆಮೇಲೆ ಕೆಮ್ಮು ಬಂತು. ಒಬ್ಬರು ನಿಲ್ಲಿಸಲು ಕೈ ಚಾಚಿದರು. ಪುಟ್ಟಮಾದಣ್ಣ ಬಿಡಲಿಲ್ಲ. ‘ಅಯ್ಯಂದು ಇನ್ನೂ ಮುಗ್ದಿಲ್ಲ ಕಣಿ, ಇರಿ’ ಎಂದು ಟ್ಯಾಬನ್ನು ಎದೆಗೆ ಅವುಚಿಕೊಂಡರು. ಅಪ್ಪ ನೀರು ಕೇಳಿದ. ನೀನು ತಡಿ ಎಂದೆ. ಎಲ್ಲರೂ ಕೇಳಿದರು. ನಾನು ತಲೆ ತಗ್ಗಿಸಿದೆ, ನಿನ್ನ ಬದಲಿಗೆ.

ಆದರೆ ಅಣ್ಣ, ಅದು ಅಲ್ಲಿಗೆ ಮುಗಿಯುವುದಿಲ್ಲ. ನೀನು ತಡಿ ಎಂದ ಮೇಲೆ ಕುರ್ಚಿ ಎಳೆದ ಸದ್ದು ಇದೆ. ನೀನು ನಡೆದುಹೋಗುವುದು ಕೇಳಿಸುತ್ತದೆ. ಬಿಂದಿಗೆಯ ಮುಚ್ಚಳ ತೆಗೆದ ಸದ್ದು, ಚೊಂಬು ಅದ್ದಿದ ಸದ್ದು. ಬಂದು ‘ಮೆಲ್ಗೆ ಕುಡಿ ಅಪ್ಪ’ ಎನ್ನುತ್ತೀಯ. ಅಪ್ಪ ಕುಡಿಯುವುದು ಗೊಟಗೊಟ ಎಂದು ಕೇಳಿಸುತ್ತದೆ. ‘ಸಾಕು ಮಗ’ ಎನ್ನುತ್ತಾನೆ. ‘ಎಲ್ಲಿಗ್ ಬಂದಿದ್ವೋ?’ ಎಂದು ಕೇಳುತ್ತಾನೆ. ಡಾಕ್ಟರನ್ನು ಕರೆ ಎನ್ನುವಲ್ಲಿಗೆ ಎಂದು ನೀನು ನೆನಪು ಮಾಡುತ್ತೀಯ. ಅಪ್ಪ ಮುಂದುವರಿಸಿ, ಡಾಕ್ಟರು ಬರುವವರೆಗೆ ಹಸುವನ್ನು ನೆರಳಲ್ಲಿ ಕಟ್ಟು, ಮೈಗೆ ತಣ್ಣೀರು ಬಟ್ಟೆ ಹಾಕು ಎಂದು ಹೇಳಿ ಮುಗಿಸುತ್ತಾನೆ. ಆ ಭಾಗ ನಮ್ಮ ಮೊದಲ ಆವೃತ್ತಿಯಲ್ಲೂ ಇರಲಿಲ್ಲ. ನೀನು ಕತ್ತರಿಸಿದ್ದರಲ್ಲಿ ಹೋಗಿತ್ತು.

ಇವತ್ತು ಒಬ್ಬಳೇ ಕೂತು ಮತ್ತೆ ಹಾಕಿಕೊಂಡು, ಗಡಿಯಾರ ನೋಡಿಕೊಂಡು ಕೇಳಿದೆ. ಅಪ್ಪ ನೀರು ಕೇಳಿದ್ದಕ್ಕೂ ನೀನು ಕುರ್ಚಿಯಿಂದ ಎದ್ದದ್ದಕ್ಕೂ ನಡುವೆ ಇರುವುದು ಒಂಬತ್ತು ಸೆಕೆಂಡು.

ಮುಂದಿನ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಅವ್ವನ ಮುಂದೆ ಕೂತು ಮೂವರೂ ಕೇಳೋಣ. ನೀನು ಸ್ಪೀಕರ್ ಆರಿಸಬಾರದು.

ನಿನ್ನ ತಂಗಿ,
ಶಿವರಂಜಿನಿ